ಕ್ರಯದಲ್ಲಿ ಸತ್ಯಶುದ್ಧಿ

ಕಾಯಕವನ್ನು ಕುರಿತು ವಿವೇಚಿಸುವವರು ಸಾಮಾನ್ಯವಾಗಿ ದುಡಿಯುವವನ ಕೈಯನ್ನೇ ನೋಡುತ್ತಾರೆ. ಹಗ್ಗ ಹೊಸೆಯುವ ಕೈ, ಬಿದಿರು ಸೀಳುವ ಕೈ, ದೋಣಿಯ ಹುಟ್ಟು ಹಿಡಿದ ಕೈ ಅವರ ಕಣ್ಣಿಗೆ ಕಟ್ಟುತ್ತದೆ. ಆದರೆ ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದ ಮೇಲೆ ಅದನ್ನು ಮಾರಲೇಬೇಕಾಗಿತ್ತು. ಮಾರಿ ಬಂದ ಹಣದಿಂದಲ್ಲವೆ ಅವರ ಜಂಗಮದಾಸೋಹ ನಡೆಯುತ್ತಿದ್ದುದು? ಹೊಸೆಯುವಾಗ ಕಾಯಕದವನು ಒಬ್ಬನೇ. ಮಾರುವಾಗ ಎದುರಿಗೆ ಮತ್ತೊಬ್ಬನು ನಿಂತಿರುತ್ತಾನೆ. ಇಬ್ಬರ ನಡುವೆ ಇನ್ನೂ ಗೊತ್ತಾಗದ ಒಂದು ಬೆಲೆಯಿರುತ್ತದೆ. ಕಾಯಕದ ಶುದ್ಧಿ ಕದಡುವುದು ಬಹುಮಟ್ಟಿಗೆ ಆ ಸಂದಿನಲ್ಲಿ. ಹೀಗಿದ್ದರೂ ಆ ಸಂದಿನಲ್ಲಿ ನಿಂತ ಮಾರುವವನನ್ನು ಪ್ರಶ್ನಿಸುವವರು ಬಹಳ, ಕೊಳ್ಳುವವನನ್ನು ಪ್ರಶ್ನಿಸುವವರು ವಿರಳ. ಕೊಳ್ಳುವುದೂ ಒಂದು ಕ್ರಿಯೆಯೇ. ಅದಕ್ಕೂ ಸತ್ಯಶುದ್ಧಿಯ ನಿಯಮವುಂಟೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ದೃಷ್ಟಾಂತಕ್ಕಾಗಿ ಭದ್ರಾವತಿಯ ನ್ಯೂ ಟೌನಿನ ಒಬ್ಬ ನಿವೃತ್ತ ಕಾರ್ಮಿಕನನ್ನು ಕಲ್ಪಿಸಿಕೊಳ್ಳಬಹುದು. ಹಿಂದೆ ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಈ ಊರು ದೊಡ್ಡದಾದುದು ಕಾರ್ಖಾನೆಯಿಂದ. 1918ರಲ್ಲಿ ಮೈಸೂರು ಸಂಸ್ಥಾನವು ಆರಂಭಿಸಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಗೆ ತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು ಇಲ್ಲಿ ಕರಗಿತು. ಮುಂದೆ ಮಿಶ್ರಲೋಹದ ಉಕ್ಕು ತಯಾರಾಗಿ ವಾಹನಗಳ ಬಿಡಿಭಾಗಗಳಿಗೂ ಹೋಯಿತು. 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದುವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆಯ ಕಾರ್ಮಿಕರು ಬೀದಿಗಿಳಿದರು. ಇಂಥ ಊರಿನಲ್ಲಿ ನಿವೃತ್ತಿಯ ದಿನ ಕೈಗೆ ಬಂದ ಇಡುಗಂಟು ಮತ್ತೊಮ್ಮೆ ಬರುವ ಹಣವಲ್ಲ. ಜೀವಮಾನವೆಲ್ಲ ಉಕ್ಕು ಕಾಸಿದವನು ಆ ಗಂಟಿನ ಒಂದು ಭಾಗವನ್ನು ತೆಗೆದುಕೊಂಡು, ಮಡದಿಯನ್ನು ಆಸ್ಪತ್ರೆಗೂ ಮಠಕ್ಕೂ ಕರೆದೊಯ್ಯಲು ಒಂದು ಚಿಕ್ಕ ಕಾರನ್ನು ಕೊಳ್ಳಬೇಕೆಂದು ಶಿವಮೊಗ್ಗದ ಷೋರೂಮೊಂದಕ್ಕೆ ಹೋಗುತ್ತಾನೆ.

ಅಲ್ಲಿ ಅವನ ಕೈಗೆ ಒಂದು ಅಚ್ಚಿನ ಕಾಗದ ಬರುತ್ತದೆ. ಮೊದಲ ಸಾಲಿನಲ್ಲಿ ಷೋರೂಮಿನ ಬೆಲೆ. ಲೆಕ್ಕಕ್ಕೆ ಅದು 7,00,000 ರೂಪಾಯಿ ಎಂದಿಟ್ಟುಕೊಳ್ಳಬಹುದು. ಅದರ ಕೆಳಗೆ ಜೀವಾವಧಿ ತೆರಿಗೆ, ನೋಂದಣಿ, ವಿಮೆ, ಫಾಸ್ಟ್ಯಾಗು, ಬಿಡಿಭಾಗಗಳ ಕಟ್ಟು, ವಾರಂಟಿಯ ವಿಸ್ತರಣೆ, ನಿರ್ವಹಣೆಯ ವೆಚ್ಚ ಎಂದು ಸಾಲುಗಳು ಇಳಿಯುತ್ತವೆ. ಎಲ್ಲ ಸಾಲುಗಳೂ ಒಂದೇ ಅಕ್ಷರದಲ್ಲಿ, ಒಂದೇ ಗಾಂಭೀರ್ಯದಿಂದ ನಿಂತಿರುವುದರಿಂದ ಎಲ್ಲವೂ ಸರಕಾರದ ಆಜ್ಞೆಯೆಂಬ ಭಾವನೆ ಓದುವವನಿಗೆ ಹುಟ್ಟುತ್ತದೆ. ಶರಣರಲ್ಲಿ ಸುಂಕದ ಬಂಕಣ್ಣನವರು ಸುಂಕ ವಸೂಲಿಯನ್ನೇ ಕಾಯಕವಾಗಿ ಮಾಡಿದವರು. ಸುಂಕ ಯಾವುದು, ಸುಂಕದ ಹೆಸರಿನಲ್ಲಿ ಸೇರಿಕೊಂಡುದು ಯಾವುದು ಎಂದು ಬಿಡಿಸಿ ಹೇಳಲು ಅಂಥವರೊಬ್ಬರು ಆ ಮೇಜಿನ ಬಳಿ ಇರಬೇಕಾಗಿತ್ತು.

ಬಿಡಿಸಿದರೆ ಕಾಣುವುದು ಹೀಗೆ. ಚಿಕ್ಕ ಕಾರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 18ಕ್ಕೆ ಇಳಿದಿದೆ; ಅಷ್ಟಾದರೂ ಏಳು ಲಕ್ಷದೊಳಗೆ ಲಕ್ಷಕ್ಕೆ ಮಿಕ್ಕ ಹಣ ಅದೇ ಆಗಿರುತ್ತದೆ. ಐದರಿಂದ ಹತ್ತು ಲಕ್ಷದ ಕಾರಿಗೆ ಕರ್ನಾಟಕದ ಜೀವಾವಧಿ ತೆರಿಗೆ ಶೇಕಡ 14, ಅಂದರೆ 98,000 ರೂಪಾಯಿ; ಅದರ ಮೇಲೆ ಉಪಕರ ಬೇರೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷಗಳ ಮೂರನೆಯವರ ಹೊಣೆಯ ವಿಮೆ ಕಡ್ಡಾಯ. ಅದರ ದರವೂ ನಿಗದಿಯಾದುದು. ಇವುಗಳಲ್ಲಿ ಚೌಕಾಶಿಗೆ ಎಡೆಯಿಲ್ಲ. ಆದರೆ ಸ್ವಂತ ವಾಹನದ ನಷ್ಟದ ವಿಮೆಯನ್ನು ಬೇರೆ ಕಂಪನಿಯಿಂದ ಪಡೆಯಬಹುದು. ಬಿಡಿಭಾಗಗಳ ಕಟ್ಟನ್ನು ಬೇಡವೆನ್ನಬಹುದು. ವಾರಂಟಿಯ ವಿಸ್ತರಣೆ ಕೊಳ್ಳುವವನ ಇಚ್ಛೆ. ಹಳೆಯ ಗಾಡಿಗೆ ಕಟ್ಟುವ ಬೆಲೆ, ಸಾಲದ ಬಡ್ಡಿ, ಮಾರಾಟಗಾರನ ಲಾಭದೊಳಗಿನ ಸೋಡಿ, ಇವೇ ಮಾತಿಗೆ ಒಳಪಟ್ಟ ಭಾಗ. ಅಂದರೆ ನ್ಯಾಯವಾದ ಬೆಲೆಯ ಪ್ರಶ್ನೆ ಇಡೀ ಮೊತ್ತದ್ದಲ್ಲ, ಅದರ ಒಂದು ಅಂಚಿನದು. ಆದರೆ ಆ ಅಂಚು ಕಾರ್ಮಿಕನ ಎರಡು ಮೂರು ತಿಂಗಳ ಪಿಂಚಣಿಯಷ್ಟಾದೀತು.

ನ್ಯಾಯವಾದ ಬೆಲೆ ಎಂದರೇನು? ಈ ಪ್ರಶ್ನೆಯನ್ನು ಪ್ರಾಚೀನರು ಸ್ಪಷ್ಟವಾಗಿಯೇ ಕೇಳಿಕೊಂಡಿದ್ದರು. ವ್ಯಾಪಾರಿಯು ಸ್ವದೇಶದ ಸರಕಿನಲ್ಲಿ ನೂರಕ್ಕೆ ಐದು, ಪರದೇಶದ ಸರಕಿನಲ್ಲಿ ನೂರಕ್ಕೆ ಹತ್ತು ಲಾಭ ಪಡೆಯಬಹುದೆಂದು ಯಾಜ್ಞವಲ್ಕ್ಯಸ್ಮೃತಿ ವಿಧಿಸುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ಲೆಕ್ಕವೂ ಇದೇ. ಆ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದವರು ಪಂಡಿತ ಆರ್. ಶಾಮಶಾಸ್ತ್ರಿಗಳು. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವು ಬರೆಯಲ್ಪಟ್ಟುದಾದರೋ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡ ನಗರವೂ ಅದೇ. ಅನುಭವಮಂಟಪದ ಮಾತು ಕೇಳಿಬರುವುದಕ್ಕೆ ಕೆಲವೇ ದಶಕಗಳ ಹಿಂದೆ ಆ ನಗರದಲ್ಲಿ ವಿಜ್ಞಾನೇಶ್ವರನು ಬೆಲೆಯ ಧರ್ಮವನ್ನು ಕುರಿತು ಲೇಖನಿ ಹಿಡಿದು ಕುಳಿತಿದ್ದನೆಂಬುದು ಸ್ಮರಣಾರ್ಹ.

ಸ್ಮೃತಿಯ ಮತ್ತೊಂದು ಮಾತು ಈ ಸಂದರ್ಭಕ್ಕೆ ಇನ್ನೂ ಹತ್ತಿರದ್ದು. ಸರಕಿಗೆ ತಗಲಿದ ವೆಚ್ಚವನ್ನು ಸೇರಿಸಿಕೊಂಡು, ಕೊಳ್ಳುವವನಿಗೂ ಮಾರುವವನಿಗೂ ಅನುಗ್ರಹವಾಗುವಂತೆ ಬೆಲೆ ಕಟ್ಟಬೇಕು ಎಂದು ಅದು ಹೇಳುತ್ತದೆ. ವೆಚ್ಚವನ್ನು ಸೇರಿಸುವುದು ಅಧರ್ಮವಲ್ಲ. ಕಾರ್ಖಾನೆಯಿಂದ ಲಾರಿಯ ಮೇಲೆ ಬಂದ ಕಾರಿಗೆ ಸಾಗಣೆಯ ವೆಚ್ಚವುಂಟು, ಗಾಜಿನ ಕಟ್ಟಡಕ್ಕೆ ಬಾಡಿಗೆಯುಂಟು. ಆದರೆ ಷೋರೂಮಿನ ಬೆಲೆಯೊಳಗೆ ಒಮ್ಮೆ ಸೇರಿದ ವೆಚ್ಚವನ್ನು ಕೆಳಗಿನ ಸಾಲಿನಲ್ಲಿ ‘ನಿರ್ವಹಣೆ’ಯೆಂಬ ಹೆಸರು ಕೊಟ್ಟು ಎರಡನೆಯ ಸಲ ಎಣಿಸಿದರೆ ಅನುಗ್ರಹವು ಒಬ್ಬನಿಗೆ ಮಾತ್ರ ಆಗುತ್ತದೆ. ಆ ಸಾಲನ್ನು ತೋರಿಸಿ, ಇದು ಯಾವ ವೆಚ್ಚವೆಂದು ಕೇಳುವ ಕೊಳ್ಳುವವನು ಜಿಪುಣನಲ್ಲ. ಅವನು ಲೆಕ್ಕ ಕೇಳುತ್ತಿದ್ದಾನೆ.

ಬೆಲೆಯನ್ನು ಪ್ರಭುತ್ವವೇ ಗೊತ್ತುಮಾಡಿಬಿಟ್ಟರೆ ಈ ತೊಡಕು ಇರದೆಂದು ಕೆಲವರು ಹೇಳಿಯಾರು. ಅದನ್ನೂ ಈ ದೇಶ ನೋಡಿದೆ. ಕಾರುಗಳ ಹಂಚಿಕೆ ಮತ್ತು ಮಾರಾಟಕ್ಕೆ 1959ರಲ್ಲಿ ನಿಯಂತ್ರಣಾಜ್ಞೆ ಬಂದಿತು. ಅಂಬಾಸಿಡರು, ಫಿಯೆಟ್ಟುಗಳಿಗೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾದರು. ಸರದಿ ಬಂದವರಲ್ಲಿ ಕೆಲವರು ಗಾಡಿಯನ್ನು ಮನೆಗೂ ತಾರದೆ ಹೆಚ್ಚಿನ ಹಣಕ್ಕೆ ಮಾರಿದರು. 1983ರ ಡಿಸೆಂಬರಿನಲ್ಲಿ ಮಾರುತಿ ಬಂದ ಮೇಲೂ ಕೆಲವು ಕಾಲ ಇದೇ ಆಟ ನಡೆಯಿತು. ಬೆಲೆ ಸ್ಥಿರವಾಗಿತ್ತು, ಮನಸ್ಸು ಸ್ಥಿರವಾಗಿರಲಿಲ್ಲ.

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರರೆಂಬ ಕ್ರೈಸ್ತ ಪಂಥದವರು ಬೇರೊಂದು ದಾರಿ ಹಿಡಿದರು. ತೆಗೆದುಕೊಳ್ಳಲು ಸಿದ್ಧನಿರುವುದಕ್ಕಿಂತ ಹೆಚ್ಚಿನ ಬೆಲೆಯನ್ನು ಹೇಳುವುದೇ ಸುಳ್ಳು ಎಂದು ಅವರು ನಂಬಿ, ಅಂಗಡಿಗಳಲ್ಲಿ ಒಂದೇ ಮಾತಿನ ಬೆಲೆಯನ್ನು ಇಟ್ಟರು. ಮಗುವನ್ನು ಕಳುಹಿಸಿದರೂ ಮೋಸವಾಗದೆಂದು ಜನರು ಅವರಲ್ಲಿಗೆ ಹೋದರು. ಇದು ಗೌರವಾರ್ಹವಾದ ನಿಷ್ಠೆ. ಆದರೂ ಚೌಕಾಶಿಯೆಲ್ಲವೂ ಸುಳ್ಳೆಂದು ಹೇಳುವುದು ಅತಿಯಾದೀತು. ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಮೊದಲು ಹಿಡಿದ ಬೆರಳು ಕೊನೆಯ ಬೆಲೆಯಲ್ಲವೆಂದು ಇಬ್ಬರೂ ಬಲ್ಲರು; ಬಲ್ಲವರ ನಡುವಿನ ಆ ಮಾತು ವಂಚನೆಯಲ್ಲ, ಒಂದು ಪದ್ಧತಿ. ವಂಚನೆಯಾಗುವುದು ಒಬ್ಬನು ಮಾತ್ರ ಬಲ್ಲವನಾಗಿದ್ದಾಗ. ಜಾತ್ರೆಯಲ್ಲಿ ಪಳಗಿದ ರೈತನು ಸಹ ಷೋರೂಮಿನಲ್ಲಿ ಅಚ್ಚಾದ ಅಂಕಿಯನ್ನು ಕಂಡು ಅದು ಅಲುಗದೆಂದು ನಂಬುತ್ತಾನೆ. ಅಲುಗುವ ಬೆಲೆಗೆ ಅಲುಗದ ವೇಷ ಹಾಕಿರುವುದೇ ಅಲ್ಲಿಯ ದೋಷ. ಇದಕ್ಕೆ ಎದುರಾಗಿ ಶಿವಮೊಗ್ಗದ ಅಡಿಕೆ ಮಾರುಕಟ್ಟೆಯನ್ನು ನೋಡಬಹುದು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡವಾದ ಅಡಿಕೆಯ ಆ ದಿನದ ಕನಿಷ್ಠ, ಗರಿಷ್ಠ ಧಾರಣೆ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಬೆಳೆಗಾರನಿಗೆ ಒಪ್ಪಿಗೆಯಾದೀತು, ಆಗದಿದ್ದೀತು. ನೆರೆಯವನಿಗೆ ಸಿಕ್ಕಿದುದು ಏನೆಂದು ತಿಳಿಯದೆ ಅವನು ಕೊರಗಬೇಕಾಗಿಲ್ಲ.

ಇಷ್ಟು ಮಾರುವವನ ವಿಚಾರ. ಕೊಳ್ಳುವವನೂ ನಿರ್ದೋಷಿಯಾಗಿ ಬಂದು ಕೂಡುವುದಿಲ್ಲ. ಬೇರೆ ಊರಿನ ಷೋರೂಮಿನವರು ಮೂವತ್ತು ಸಾವಿರ ಬಿಟ್ಟಿದ್ದಾರೆಂದು, ಅಲ್ಲಿಗೆ ಹೋಗದೆಯೇ ಹೇಳುವವರುಂಟು. ಕೊಳ್ಳುವ ಉದ್ದೇಶವಿಲ್ಲದ ಅಂಗಡಿಯಿಂದ ಕೊಟೇಶನ್ ಬರೆಸಿ ತಂದು, ಅದನ್ನೇ ಆಯುಧ ಮಾಡಿಕೊಳ್ಳುವವರುಂಟು. ಮಾರುವವನು ಸುಳ್ಳು ಹೇಳುವುದರಿಂದ ತಾನೂ ಹೇಳಿದರೆ ತಪ್ಪಿಲ್ಲವೆಂಬುದು ಅವರ ಸಮಾಧಾನ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತನ್ನ ಗಂಟಿನಲ್ಲಿ ಎಷ್ಟಿದೆಯೆಂದು ಹೇಳದಿರುವುದು ಮೌನ. ಇಲ್ಲದ ಬೆಲೆಯನ್ನು ಇದೆಯೆನ್ನುವುದು ಅಸತ್ಯ. ಮೌನಕ್ಕೆ ಶರಣಮಾರ್ಗದಲ್ಲಿ ಅಡ್ಡಿಯಿಲ್ಲ. ‘ಇಷ್ಟು ಕೊಡಬಲ್ಲೆ, ಇದಕ್ಕೆ ಮೀರಿದರೆ ಎದ್ದು ಹೋಗುತ್ತೇನೆ’ ಎಂದು ಹೇಳಿ, ಹೇಳಿದಂತೆ ಏಳುವವನು ಚೌಕಾಶಿಯನ್ನೂ ಮಾಡಿದ್ದಾನೆ, ಸತ್ಯವನ್ನೂ ಕಾಪಾಡಿದ್ದಾನೆ. ಎದ್ದು ಹೋಗುವ ಸ್ವಾತಂತ್ರ್ಯವೇ ಬಡ ಕೊಳ್ಳುವವನ ದೊಡ್ಡ ಬಲ. ಅದಕ್ಕೆ ಸುಳ್ಳಿನ ಊರುಗೋಲು ಬೇಕಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವು ಇಲ್ಲಿ ಮನಸ್ಸಿಗೆ ಬರುತ್ತದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ ಆಕೆ ಅದನ್ನು ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆ ಅಕ್ಕಿ ಕದ್ದುದಲ್ಲ, ಬೇಡಿದುದೂ ಅಲ್ಲ. ಅಳತೆ ಮೀರಿದುದು ಅಷ್ಟೆ. ಈ ಪ್ರಸಂಗವನ್ನು ವ್ಯಾಪಾರಿಗೆ ಉಪದೇಶಿಸಲು ಎಲ್ಲರೂ ಮುಂದಾಗುತ್ತಾರೆ. ಆದರೆ ಲಕ್ಕಮ್ಮನು ನಿಂತುದು ಕೊಡುವವರ ಬಾಗಿಲಲ್ಲಲ್ಲ, ಪಡೆದವರ ಅಡಿಗೆಮನೆಯಲ್ಲಿ. ಆಕೆಯ ಪ್ರಶ್ನೆ ಪಡೆದವನಿಗೆ. ಕಾರು ಕೊಂಡು ಬಂದವನು ‘ಅರವತ್ತು ಸಾವಿರ ಇಳಿಸಿದೆ’ ಎಂದು ಜಂಬ ಕೊಚ್ಚಿಕೊಳ್ಳುವಾಗ, ಆ ಅರವತ್ತು ಸಾವಿರ ಯಾರಿಂದ ಬಂದಿತೆಂದು ಮನೆಯವಳು ಕೇಳಬೇಡವೆ? ವ್ಯಾಪಾರಸಂಸ್ಥೆಯ ಅತಿಲಾಭದಿಂದ ಬಂದಿದ್ದರೆ ಒಳ್ಳೆಯದೇ. ತಿಂಗಳ ಗುರಿ ಮುಟ್ಟದಿದ್ದರೆ ಪ್ರೋತ್ಸಾಹಧನವಿಲ್ಲವೆಂಬ ಭಯದಲ್ಲಿರುವ ಮಾರಾಟದ ಹುಡುಗನ ಪಾಲಿನಿಂದ ಬಂದಿದ್ದರೆ ಸಂತೋಷಕ್ಕೆ ಏನು ಕಾರಣ?

ಆ ಹುಡುಗನನ್ನು ಕುರಿತು ಎರಡು ಮಾತು ಹೇಳುವುದು ಉಚಿತ. ನ್ಯೂ ಟೌನಿನ ಯಾವುದೋ ಕ್ವಾರ್ಟರ್ಸಿನಲ್ಲಿ ಬೆಳೆದವನೇ ಅವನಾಗಿರಬಹುದು. ತಂದೆಗೆ ಸಿಕ್ಕಿದ ಕಾರ್ಖಾನೆಯ ಕೆಲಸ ಅವನಿಗೆ ಸಿಕ್ಕಲಿಲ್ಲ. ಮೇಲಿನವರನ್ನು ಕೇಳಿ ಬರುತ್ತೇನೆಂದು ಅವನು ಒಳಗಿನ ಕೋಣೆಗೆ ಹೋಗಿ ಮರಳುವಾಗ ಮುಖದಲ್ಲಿ ತಂದಿರುವ ಸಪ್ಪೆ ಕೆಲವೊಮ್ಮೆ ಅಭಿನಯ, ಕೆಲವೊಮ್ಮೆ ನಿಜ. ಅವನನ್ನು ‘ನೀನು’ ಎಂದು ಗದರಿಸಿ ಬೆಲೆ ಇಳಿಸಿದವನು ಹಣವನ್ನು ಗೆದ್ದರೂ ನಡೆಯಲ್ಲಿ ಸೋತಿದ್ದಾನೆ. ಮತ್ತೊಂದು ವೈಚಿತ್ರ್ಯವೂ ಉಂಟು. ಸಂತೆಯಲ್ಲಿ ಸೊಪ್ಪಿನ ಅಜ್ಜಿಯ ಕಟ್ಟಿಗೆ ಎರಡು ರೂಪಾಯಿ ಇಳಿಸಲು ಹತ್ತು ನಿಮಿಷ ನಿಲ್ಲುವವರು ತಂಪುಗಾಳಿಯ ಕೋಣೆಯಲ್ಲಿ ಹತ್ತು ಸಾವಿರದ ಸಾಲನ್ನು ಪ್ರಶ್ನಿಸಲು ನಾಚುತ್ತಾರೆ. ಅಲ್ಲಿ ಕೇಳಿದರೆ ತಮ್ಮ ಬಡತನ ಬಯಲಾದೀತೆಂದು ಅವರ ಅಂಜಿಕೆ. ಗದರಿಕೆಗೂ ಈ ನಾಚಿಕೆಗೂ ಬೇರು ಒಂದೇ, ಅಭಿಮಾನ.

ಕೊನೆಗೆ ಉಳಿಯುವುದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಒಂದೇ ದಿನ, ಒಂದೇ ಮೇಜಿನಲ್ಲಿ, ಒಂದೇ ಕಾರನ್ನು ಇಬ್ಬರು ಕೊಳ್ಳುತ್ತಾರೆ. ಮಾತು ಬಲ್ಲವನಿಗೆ ಒಂದು ಬೆಲೆ, ಮಾತು ಬಾರದವನಿಗೆ ಮತ್ತೊಂದು. ವರ್ಷಾಂತ್ಯದಲ್ಲಿ ಹಳೆಯ ಮಾದರಿಗೆ ಎಲ್ಲರಿಗೂ ಸಾರಿ ಕೊಡುವ ಸೋಡಿಯ ಮಾತು ಇದಲ್ಲ; ಅದರಲ್ಲಿ ಮರೆಯಿಲ್ಲ. ಮರೆಯಲ್ಲಿ ಕೊಟ್ಟ ಸೋಡಿ ಮಾತ್ರ ದಾಸೋಹದ ಪಂಕ್ತಿಯಲ್ಲಿ ಒಬ್ಬನ ಎಲೆಗೆ ತುಪ್ಪ ಬಡಿಸಿ ಪಕ್ಕದವನಿಗೆ ನೀರುಮಜ್ಜಿಗೆ ಬಡಿಸಿದಂತೆ. ಪಂಕ್ತಿಭೇದವನ್ನು ಮಾಡಿದವನು ಬಡಿಸುವವನೇ. ತುಪ್ಪ ಉಂಡವನು ಬೇಡವೆಂದು ಎಲೆ ಮಡಿಸಬೇಕೆಂದು ಕೇಳಿದರೆ ಕಾರ್ಮಿಕನ ಇಡುಗಂಟಿನ ಎದುರಿಗೆ ಆ ಕೇಳಿಕೆ ಕ್ರೂರವಾದೀತು. ಅವನು ನ್ಯಾಯವಾಗಿ ಪಡೆದ ಇಳಿಕೆಯನ್ನು ಮನೆಗೆ ತರಲಿ. ಆದರೆ ರಸೀದಿ ಕೊಡುವಾಗ ಮಾರಾಟಗಾರನು ಮೆಲುದನಿಯಲ್ಲಿ ‘ಈ ರೇಟನ್ನು ಯಾರಿಗೂ ಹೇಳಬೇಡಿ, ಸಾರ್’ ಎನ್ನುತ್ತಾನೆ. ಆ ಷರತ್ತನ್ನು ಒಪ್ಪುವವನು ಪಕ್ಕದ ಎಲೆಯಿಂದ ಕಣ್ಣು ತಿರುಗಿಸಿಕೊಂಡವನಾಗುತ್ತಾನೆ. ಅಲ್ಲಿಯೇ ಮೃದುವಾಗಿ, ‘ಹೇಳದೆ ಇರಲು ನನ್ನಿಂದಾಗದು’ ಎನ್ನುವವನಿಗೆ ಒಂದು ವೇಳೆ ಸೋಡಿ ತಪ್ಪಿಹೋದೀತು. ತಪ್ಪದಿದ್ದರೆ, ಮುಂದಿನ ತಿಂಗಳು ನಿವೃತ್ತನಾಗಿ ಅದೇ ಷೋರೂಮಿಗೆ ಹೊರಟ ನೆರೆಮನೆಯವನನ್ನು ಜಗುಲಿಗೆ ಕರೆದು, ಆ ಅಚ್ಚಿನ ಕಾಗದವನ್ನು ಬಿಡಿಸಿ, ಯಾವ ಸಾಲು ಸರಕಾರದ್ದು, ಯಾವ ಸಾಲು ಬೇಡವೆನ್ನಬಹುದಾದುದು, ತನಗೆ ಎಷ್ಟು ಇಳಿಯಿತು ಎಂದು ಪೆನ್ಸಿಲಿನಿಂದ ಗುರುತು ಹಾಕಿ ಕೊಡುವ ಅಧಿಕಾರ ಅವನಿಗೆ ಉಳಿದಿರುತ್ತದೆ.