ನೆಲ ಡೊಂಕು

ಮೊನ್ನೆ 2023ರ ಬೇಸಿಗೆಯಲ್ಲಿ ನಮ್ಮ ತೋಟದ ಹನ್ನೊಂದು ಅಡಿಕೆ ಮರಗಳಿಗೆ ಪೆಟ್ಟು ಬಿತ್ತು. ಹನ್ನೊಂದೂ ಸಾಲಿನ ಕೊನೆಯ ಮರಗಳು. ಅಡಿಕೆ ಮರಕ್ಕೆ ಗಾಯವಾದರೆ ಮಾವು, ಹಲಸಿನ ಹಾಗೆ ತೊಗಟೆ ಬೆಳೆದು ಮುಚ್ಚಿಕೊಳ್ಳುವುದಿಲ್ಲ. ಮರ ಇರುವಷ್ಟು ಕಾಲವೂ ಗಾಯ ಹಾಗೆಯೇ ಇರುತ್ತದೆ. ನೀರು ಹೊಯ್ದು ಬೆಳೆಸಿದವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೆ?

ನಾನಿರುವುದು ಶಿವಮೊಗ್ಗದಲ್ಲಿ. ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತಳಾದವಳು. ತೋಟವಿರುವುದು ಭದ್ರಾವತಿಯ ಆಚೆ, ಭದ್ರಾ ನಾಲೆಯ ಪಕ್ಕದಲ್ಲಿ, 3 ಎಕರೆ. ಯಜಮಾನರು ಇರುವವರೆಗೆ ನಾನು ಆ ಕಡೆ ತಲೆ ಹಾಕಿದವಳಲ್ಲ. ಕೊಯ್ಲಿನ ದಿನ ಹೋಗಿ ಆಳುಗಳಿಗೆ ಕಾಫಿ ಕಾಯಿಸಿ ಕೊಟ್ಟು ಬಂದರೆ ನನ್ನ ಕೃಷಿ ಮುಗಿಯಿತು. 2019ರಲ್ಲಿ ಅವರು ಹೋದರು. ತೋಟ, ಅವರು ಕೊಂಡಿದ್ದ ಪುಟ್ಟ ಟ್ರ್ಯಾಕ್ಟರು, ಅದನ್ನು ಓಡಿಸುವ ಹುಡುಗ, ಮೂರೂ ಒಟ್ಟಿಗೆ ನನ್ನ ಪಾಲಿಗೆ ಬಂದವು. ವಾರಕ್ಕೆರಡು ಸಲ ಬಸ್ಸು ಹತ್ತಿ ಹೋಗಿ, ಏನೂ ತಿಳಿಯದಿದ್ದರೂ ಎಲ್ಲ ತಿಳಿದವಳಂತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಲ್ಲುವುದನ್ನು ಕಲಿತೆ. ಮೇಷ್ಟ್ರು ಕೆಲಸ ಮಾಡಿದವರಿಗೆ ಅದು ಕಷ್ಟವಲ್ಲ.

ಮರಗಳ ವಿಷಯ ಕೇಳಿದಾಗ ಹುಡುಗ ಹೇಳಿದ: "ತಿರುಗ್ತಾ ಇಲ್ಲ ಕಣ್ರಮ್ಮಾ. ಸ್ಟೇರಿಂಗು ಪೂರ್ತಿ ಎಳೆದ್ರೂ ಮುಂದ್ಲ ಗಾಲಿ ನೆಟ್ಟಗೇ ಜಾರ್‍ಕೊಂಡು ಹೋಯ್ತದೆ."

ನಾನೇನು ಹೇಳಿದೆನೆಂದು ನಿಮಗೆ ಗೊತ್ತೇ ಇರಬೇಕು. ಕನ್ನಡದಲ್ಲಿ ಇಂಥ ಹೊತ್ತಿಗೆಂದು ಒಂದು ಗಾದೆ ಸಿದ್ಧವಾಗಿದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದೆ, ಆಳುಗಳೆಲ್ಲ ಇದ್ದಾಗಲೇ. ಅವರು ನಕ್ಕರು. ಅವನ ಸಂಬಳದಲ್ಲಿ ಎರಡು ತಿಂಗಳಲ್ಲಿ 3,000 ರೂಪಾಯಿ ಮುರಿದುಕೊಂಡೆ. ಮೂರನೆಯ ತಿಂಗಳು ಅವನು ಬರಲಿಲ್ಲ. ಕೀಲಿಕೈಯನ್ನು ಪಂಪ್‌ಹೌಸಿನ ಮೊಳೆಗೆ ನೇತುಹಾಕಿ ಹೋಗಿದ್ದ.

ಅವನ ಜಾಗಕ್ಕೆ ಇಪ್ಪತ್ತು ವರ್ಷ ಟ್ರ್ಯಾಕ್ಟರು ಓಡಿಸಿದ, ತಲೆ ನರೆತ ಡ್ರೈವರೊಬ್ಬರು ಬಂದರು. ಬಂದ ಮೂರನೆಯ ದಿನವೇ ಹನ್ನೆರಡನೆಯ ಮರಕ್ಕೆ ಪೆಟ್ಟು ಬಿತ್ತು.

ಆಗ ಭದ್ರಾವತಿಯಿಂದ ಒಬ್ಬ ಮೇಸ್ತ್ರಿಯನ್ನು ಕರೆಸಿದೆ. ಕಾಗದದ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದವರು. 2015ರಲ್ಲಿ ಅಲ್ಲಿ ಉತ್ಪಾದನೆ ನಿಂತ ಮೇಲೆ ಸಣ್ಣ ಶೆಡ್ಡು ಹಾಕಿಕೊಂಡವರು. 1923ರಿಂದ ಕಬ್ಬಿಣ ಕರಗಿಸಿದ ಊರು ಅದು. ಅಲ್ಲಿ ಮನೆಗೊಬ್ಬರಿಗಾದರೂ ಸ್ಪ್ಯಾನರು ಹಿಡಿಯಲು ಬರುತ್ತದೆ. ಈ ಮೇಸ್ತ್ರಿ ಬಂದವರೇ ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬಂದರು. "ಯಾರು ಓಡಿಸ್ತಿದ್ದರು?" ಎಂದು ಕೇಳುತ್ತಾರೆಂದು ನಾನು ಕಾದಿದ್ದೆ, ಉತ್ತರವೂ ಬಾಯಲ್ಲಿತ್ತು. ಅವರು ಕೇಳಲೇ ಇಲ್ಲ. "ಸೀಮೆಸುಣ್ಣ ಇದೆಯಾ ಅಮ್ಮಾ?" ಎಂದರು. ಜೀವಮಾನವಿಡೀ ಸೀಮೆಸುಣ್ಣ ಹಿಡಿದವಳ ಹತ್ತಿರ ಅಂದು ಒಂದು ಚೂರೂ ಇರಲಿಲ್ಲ!

ಕೊನೆಗೆ ಸುಣ್ಣದ ಡಬ್ಬಿ ತಂದು ಹಿಂದಿನ ಗಾಲಿಗೊಂದು, ಮುಂದಿನ ಗಾಲಿಗೊಂದು ಗುರುತು ಹಾಕಿದರು. ಹಿಂದಿನ ಗಾಲಿ ಹತ್ತು ಸುತ್ತು ಉರುಳುವಷ್ಟರಲ್ಲಿ ಮುಂದಿನದು ಎಷ್ಟು ಸುತ್ತುತ್ತದೆಂದು ನಾನು ಎಣಿಸಬೇಕು. ಒಮ್ಮೆ ಫೋರ್‌ವೀಲ್ ಲಿವರ್ ಬಿಟ್ಟು, ಒಮ್ಮೆ ಹಾಕಿ. ಸೆರಗು ಸಿಕ್ಕಿಸಿಕೊಂಡು ಗಾಲಿಯ ಪಕ್ಕದಲ್ಲೇ ನಡೆಯುತ್ತ ಎಣಿಸಿದೆ. ಲಿವರ್ ಹಾಕಿದಾಗ ಮುಂದಿನ ಗಾಲಿಯ ಸುತ್ತು ತುಸು ಹೆಚ್ಚಾಗಬೇಕಂತೆ. ಅದು ಮುಂದೆ ಎಳೆಯುವ ಗಾಲಿ. ನಮ್ಮದರಲ್ಲಿ ಕಡಿಮೆಯಾಯಿತು. ಅಂದರೆ ಎಳೆಯಬೇಕಾದದ್ದೇ ಹಿಡಿದು ನಿಲ್ಲಿಸುತ್ತಿತ್ತು.

"ಈ ಟೈರು ಯಾವಾಗ ಹಾಕಿಸಿದ್ರಿ?" ಎಂದರು.

ಹೋದ ವರ್ಷ, ನಾನೇ. ಹಳೆಯ ಅಳತೆಯದು ಸಿಗಲಿಲ್ಲವೆಂದು ಸ್ವಲ್ಪ ಚಿಕ್ಕದನ್ನು ಹಾಕಿಸಿದ್ದೆ. ಒಂದಿಷ್ಟು ದುಡ್ಡು ಉಳಿಯಿತೆಂದು ತಂಗಿಗೆ ಫೋನು ಮಾಡಿ ಹೇಳಿಕೊಂಡಿದ್ದೆ ಕೂಡ.

ನನಗೆ ಅರ್ಥವಾಗಲೆಂದು ಮೇಸ್ತ್ರಿ ಕಣದ ಮಾತು ತೆಗೆದರು. ಒಕ್ಕಣೆಯಲ್ಲಿ ಮೇಟಿಯ ಸುತ್ತ ಎತ್ತುಗಳನ್ನು ಸಾಲಾಗಿ ಕಟ್ಟಿ ತಿರುಗಿಸುವಾಗ ಮೇಟಿಯ ಪಕ್ಕ ಮುದಿ ಎತ್ತನ್ನು, ಹೊರ ಅಂಚಿಗೆ ಚುರುಕಿನದನ್ನು ಕಟ್ಟುತ್ತಿದ್ದರಲ್ಲ. ಒಳಗಿನದು ನಿಂತಲ್ಲೇ ಕಾಲಾಡಿಸಿದರೆ ಸಾಕು, ಹೊರಗಿನದು ಓಡಬೇಕು. ಟ್ರ್ಯಾಕ್ಟರು ಗಿರಕಿ ಹೊಡೆಯುವಾಗ ಮುಂದಿನ ಗಾಲಿಗಳೇ ಹೊರಗಿನ ಎತ್ತು. ಅವು ಹೆಚ್ಚು ದೂರ ಹೋಗಬೇಕು. ಲಿವರ್ ಹಾಕಿದರೆ ಅವುಗಳ ವೇಗ ಹಿಂದಿನ ಗಾಲಿಗೆ ಗಂಟುಬೀಳುತ್ತದೆ, ಆಗ ತಿರುಗಲಾರದೆ ನೆಟ್ಟಗೆ ಜಾರುತ್ತವೆ. ಜಪಾನಿನವರು ಇದಕ್ಕೆಂದೇ ಒಂದು ಏರ್ಪಾಡು ಮಾಡಿದ್ದಾರಂತೆ: ಸ್ಟೇರಿಂಗು ಒಂದು ಮಿತಿ ದಾಟಿ ತಿರುಗಿತೆಂದರೆ ಮುಂದಿನ ಗಾಲಿಗಳು ತಾವಾಗಿಯೇ ಹಿಂದಿನವಕ್ಕಿಂತ ಜೋರಾಗಿ ಓಡಿ ಮೂತಿಯನ್ನು ಒಳಕ್ಕೆ ಎಳೆಯುತ್ತವೆ. ನಮ್ಮ ಬಡಪಾಯಿಗೆ ಅದಿಲ್ಲ. 9 ಅಡಿ ಅಂತರದ ಅಡಿಕೆ ಸಾಲಿನ ಕೊನೆಯಲ್ಲಿ ತಿರುಗಬೇಕೆಂದರೆ ಲಿವರ್ ಬಿಡಬೇಕು, ಒಳಗಡೆಯ ಹಿಂದಿನ ಗಾಲಿಗೆ ಮಾತ್ರ ಬ್ರೇಕು ಒತ್ತಬೇಕು. ಅದಕ್ಕೆಂದೇ ಎರಡು ಗಾಲಿಗೆ ಎರಡು ಬ್ರೇಕು ಇರುವುದು. ನೇಗಿಲು ತಿರುಗಿಸುವಾಗ ಒಳಗಿನ ಎತ್ತನ್ನು ತಡೆದು ಹೊರಗಿನದನ್ನು ನಡೆಸುವ ಹಾಗೆ.

ನಮ್ಮ ತೋಟದಲ್ಲಿ ಸಾಲು ಬಳಸಿ ಬರುವುದು ಯಾವಾಗಲೂ ಎಡಕ್ಕೆ. ಎಡ ಬ್ರೇಕು ಸವೆದು ಸವೆದು ಕಾಲಿಟ್ಟರೆ ನೆಲಕ್ಕೆ ಹೋಗುತ್ತಿತ್ತು. ಎರಡು ಸಲದ ಸರ್ವಿಸನ್ನು, ಓಡುತ್ತಿದೆಯಲ್ಲ ಎಂದು, ಮುಂದೂಡಿದವಳೂ ನಾನೇ.

ಮೇಸ್ತ್ರಿ ಎದ್ದು ಕೈ ಒರೆಸಿಕೊಂಡರು. "ಮರ ಹೋಗ್ಲಿ ಬಿಡಿ ಅಮ್ಮಾ. ರಸ್ತೆಗೆ ಬಂದಾಗ ಎರಡು ಬ್ರೇಕಿಗೂ ಕೊಂಡಿ ಹಾಕಿ ಒಂದು ಮಾಡ್ತಾರೆ. ಎಡದ್ದು ಹಿಡಿಯಲ್ಲ, ಬಲದ್ದು ಹಿಡೀತದೆ. ಗಾಡಿ ಬಲಕ್ಕೆ ಎಳೀತದೆ. ನೀವು ಬರೋ ದಾರೀಲಿ ಬಲಗಡೆ ಏನಿದೆ?"

ಬಲಗಡೆ ನಾಲೆ. ನೀರು ಬಿಟ್ಟಾಗ ಆಳುದ್ದ ಹರಿಯುವ ನಾಲೆ. ಆ ಹುಡುಗ ಗೊಬ್ಬರದ ಟ್ರೇಲರು ಕಟ್ಟಿಕೊಂಡು ದಿನಾ ಅದರ ಏರಿಯ ಮೇಲೆ ಬರುತ್ತಿದ್ದ. ನಾನು ಇತ್ತ ಅಡಿಕೆ ಮರದ ಗಾಯ ಎಣಿಸುತ್ತಿದ್ದೆ.

ಆ ರಾತ್ರಿ ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ಆ ಗಾದೆ ತಲೆಯಲ್ಲಿ ಕೊರೆಯುತ್ತಿತ್ತು. ಗಮನಿಸಿದ್ದೀರಾ, ಕುಣಿಯಲಾರದವಳು ಎಂದೇ ಅದನ್ನು ಹೇಳುವುದು, ಹೆಂಗಸು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅನ್ನ ಸೀದಾಗಲೆಲ್ಲ ಅತ್ತೆಯವರು ಅದನ್ನೇ ಹೇಳುತ್ತಿದ್ದರು. ಒಲೆಯ ಒಂದು ಗುಂಡು ಕುಸಿದು ಪಾತ್ರೆ ಓರೆಯಾಗಿ ಕೂರುತ್ತಿತ್ತು. ಯಾರೂ ಬಗ್ಗಿ ನೋಡಲಿಲ್ಲ. ನೆಲ ಡೊಂಕೋ ಅಲ್ಲವೋ ಎಂದು ನೋಡುವ ಕೆಲಸವನ್ನೇ ಉಳಿಸಿಬಿಡುವ ಗಾದೆ ಅದು. ಅಂದು ಅಷ್ಟು ನೊಂದವಳು, ಯಜಮಾನಿಕೆ ಕೈಗೆ ಬಂದಾಗ ಅದೇ ಮಾತನ್ನು ಎಷ್ಟು ಸಲೀಸಾಗಿ ಆಡಿದೆ!

ಹುಡುಗನ ಪಾಲು ಏನೂ ಇಲ್ಲವೆಂದಲ್ಲ. ತಿರುಗುವಾಗ ಲಿವರ್ ಬಿಡುತ್ತಿರಲಿಲ್ಲ. ತಂಗಿ ಅದನ್ನೇ ಹಿಡಿದಳು: "ಮೂರು ಕಾರಣದಲ್ಲಿ ಒಂದು ಅವನದಲ್ಲವೇನೆ ಅಕ್ಕಾ? ಎರಡು ಸಾವಿರ ವಾಪಸು ಕೊಡು, ಸಾವಿರ ಇಟ್ಟುಕೋ. ಲೆಕ್ಕ ಲೆಕ್ಕವೇ." ಕೇಳಲು ನ್ಯಾಯವಾಗಿಯೇ ಇತ್ತು. ಆದರೆ ಮೇಸ್ತ್ರಿಗೆ ಫೋನು ಮಾಡಿ ಕೇಳಿದರೆ ಅವರು ಹೇಳಿದ್ದು ಬೇರೆ. ಟೈರು ಸರಿಯಿದ್ದು ಬ್ರೇಕು ಹಿಡಿಯುತ್ತಿದ್ದರೆ ಲಿವರ್ ಹಾಕಿದ್ದರೂ ಹೇಗೋ ತಿರುಗುತ್ತಿತ್ತು. ಬ್ರೇಕೊಂದೇ ಹೋಗಿದ್ದರೂ ಹಿಂದೆ ಮುಂದೆ ಮಾಡಿ ತಿರುಗಿಸಿಕೊಳ್ಳಬಹುದಿತ್ತು. ಮೂರೂ ಸೇರಿದ್ದಕ್ಕೇ ಮರಕ್ಕೆ ಬಡಿಯಿತು. ಹಾಗಿದ್ದ ಮೇಲೆ ಒಂದೊಂದು ಮರವನ್ನು ಮೂರು ಹೋಳು ಮಾಡಿ ಇದು ನಿನ್ನದು, ಇದು ನನ್ನದು ಎಂದು ಹಂಚುವುದು ಹೇಗೆ? "ಕಾರ್ಖಾನೇಲಿ ಮಷಿನ್ ನಿಂತಾಗ ಯಾರು ಮಾಡಿದ್ದು ಅಂತ ಕೇಳಿದ್ರೆ ಎಲ್ರೂ ಸುಳ್ಳು ಹೇಳ್ತಿದ್ರು ಅಮ್ಮಾ. ಏನಾಯ್ತು ಅಂತ ಕೇಳಿದ್ರೆ ಹೇಳ್ತಿದ್ರು" ಎಂದರು.

ಆದರೆ ಈ ಮೂರರ ಲೆಕ್ಕಕ್ಕೆ ಸೇರದ ನಾಲ್ಕನೆಯದೊಂದಿದೆ. ಅವನು ಬಂದು ಹೇಳಿದ್ದ. ಗಾಲಿ ಜಾರುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ತಿಳಿಯದೆ ಮಾಡಿದ ತಪ್ಪು ಬೇರೆ, ತಿಳಿದುಕೊಳ್ಳಬಹುದಾಗಿದ್ದನ್ನು ಉದಾಸೀನದಿಂದ ತಿಳಿಯದೆ ಹೋದದ್ದು ಬೇರೆ ಎಂದು ಅರಿಸ್ಟಾಟಲ್ ಬಹಳ ಹಿಂದೆಯೇ ವಿಂಗಡಿಸಿದ್ದಾನೆ. ಟ್ರ್ಯಾಕ್ಟರು ನನಗೆ ತಿಳಿಯದು, ನಿಜ. ತಿಳಿದವನೊಬ್ಬ ಎದುರಿಗೆ ನಿಂತು ಹೇಳುತ್ತಿದ್ದಾಗ ನಾನು ಗಾದೆ ಹೇಳಿದೆ. ಇದರಲ್ಲಿ ಅವನ ಪಾಲು ಎಲ್ಲಿಂದ ಬರಬೇಕು?

ಹುಡುಗ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಲಾರಿ ಗ್ಯಾರೇಜೊಂದರಲ್ಲಿ ಕೆಲಸಕ್ಕೆ ಸೇರಿದ್ದಾನೆಂದು ಗೊತ್ತಾಯಿತು. ನಮ್ಮ ಮನೆಯಿಂದ ಆಟೋದಲ್ಲಿ ಹದಿನೈದು ನಿಮಿಷ. ಹೋಗಲು ನನಗೆ ಹದಿನೈದು ದಿನ ಬೇಕಾಯಿತು. ಎಣ್ಣೆ, ಕಬ್ಬಿಣದ ಪುಡಿ, ವೆಲ್ಡಿಂಗಿನ ಬೆಳಕಿನ ನಡುವೆ ಸೀರೆ ಎತ್ತಿ ಹಿಡಿದು ಹುಡುಕಿದೆ. ಲಾರಿಯ ಅಡಿಯಿಂದ ಹೊರಬಂದ. 3,000 ರೂಪಾಯಿಯ ಕವರು ಕೊಟ್ಟು, ತಪ್ಪು ನನ್ನದೆಂದು ಅವನ ಜೊತೆಯವರ ಎದುರಿಗೇ ಹೇಳಿದೆ. ಅಂದು ನಕ್ಕಿದ್ದ ಆಳುಗಳು ಅಲ್ಲಿರಲಿಲ್ಲ. ಅದೊಂದು ಕೊರತೆ ಹಾಗೆಯೇ ಉಳಿದಿದೆ.

ಅವನು ಕವರನ್ನು ಎಣ್ಣೆಗೈಯಲ್ಲಿ ಮುಟ್ಟದೆ ಅಂಗಿಯ ಜೇಬು ತೋರಿಸಿದ, ನಾನೇ ಇಟ್ಟೆ. "ಲಿವರ್ ನಾನೇ ಬಿಡ್ತಿರ್ಲಿಲ್ಲ ಕಣ್ರಮ್ಮಾ" ಎಂದ. "ರಾತ್ರಿಯೆಲ್ಲ ನೀರು ಬಿಡ್ತಿದ್ರಲ್ಲ, ಬಿಟ್ರೆ ಹಿಂದ್ಲ ಗಾಲಿ ಹೂತ್ಕಳದು."

ರಾತ್ರಿಯೆಲ್ಲ ನೀರು ಬಿಡಲು ಹೇಳಿದ್ದವಳು ಯಾರೆಂದು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹೊರಡುವಾಗ ರಸ್ತೆಯವರೆಗೆ ಬಂದ. ಆಟೋ ನಿಲ್ಲಿಸಿ ಕೊಟ್ಟು ಕೇಳಿದ:

"ಎಡಗಡೆ ಬ್ರೇಕು ಮಾಡಿಸಿದ್ರಾ? ಆ ಯಜಮಾನ್ರು ನಾಲೆ ಏರಿ ಮೇಲೇ ಬರ್ತಾರಲ್ಲ."