ಮಂದ್ರಕ್ಕೆ ಇಳಿದ ಕಿವಿ

ಕಳೆದ ಆಷಾಢದ ಒಂದು ಭಾನುವಾರ ಬೆಳಿಗ್ಗೆ ಹನುಮಂತನಗರದ ನಮ್ಮ ಕ್ರಾಸಿಗೆ ಒಂದು ಲಗೇಜ್ ಆಟೋ ಬಂದು ನಿಂತಿತು. ಹಿಂದೆ ಅಕ್ಕನ ಮಗ ಕೂತಿದ್ದ. ಕಪ್ಪು ಗವಸು ಹಾಕಿದ ಆಳೆತ್ತರದ ಏನನ್ನೋ ಎರಡು ತೋಳಲ್ಲೂ ತಬ್ಬಿಕೊಂಡು, ರಸ್ತೆಗುಂಡಿಗಳ ಪೆಟ್ಟನ್ನೆಲ್ಲ ತನ್ನ ಮೈಗೇ ತೆಗೆದುಕೊಂಡು ಬಂದಿದ್ದ. ಎದುರು ಮನೆಯ ಅಜ್ಜಿ ರಂಗೋಲಿ ಬಟ್ಟಲು ಕೈಯಲ್ಲಿ ಹಿಡಿದೇ ಎದ್ದು ನಿಂತು, "ಇದೇನೋ ಮಗು, ಇಷ್ಟು ದೊಡ್ಡ ಪಿಟೀಲು!" ಅಂದರು. ಅಜ್ಜಿಯ ಊಹೆ ಹೆಚ್ಚುಕಡಿಮೆ ಸರಿಯೇ. ಅದು ಡಬಲ್ ಬೇಸ್. ಪಿಟೀಲಿನ ಬಳಗದಲ್ಲಿ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ತಗ್ಗಿನ ದನಿಯದು.

ನಮ್ಮದು ಹಳೆಯ ಮನೆ. ಮಹಡಿ ಮೆಟ್ಟಿಲು ಕಿರಿದು, ನಡುವೆ ಒಂದು ತಿರುವು. ವಾದ್ಯದ ತೂಕ ಹತ್ತು ಕಿಲೋ ಆಸುಪಾಸು, ಎತ್ತುವುದು ಕಷ್ಟವಲ್ಲ. ಆ ಆರಡಿ ಮೈಯನ್ನು ಗೋಡೆಗೆ ತಾಗಿಸದೆ ತಿರುವಿನಲ್ಲಿ ತಿರುಗಿಸುವುದೇ ಕಷ್ಟ. ನಾನು, ಅವನು, ಆಟೋದವರು, ಪಕ್ಕದ ಮನೆಯ ಹುಡುಗ, ನಾಲ್ವರೂ ಉಸಿರು ಬಿಗಿಹಿಡಿದು ಹತ್ತಿಸಿದೆವು. ಊರು ಬಿಟ್ಟು ಹೋಗುತ್ತಿದ್ದವರೊಬ್ಬರಿಂದ ಅವನು ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದ. ಎರಡು ವರ್ಷ ಸಂಬಳದಲ್ಲಿ ಉಳಿಸಿದ ದುಡ್ಡು. ಯಾರ ಕಿವಿಗೂ ಬೀಳದ ವಾದ್ಯಕ್ಕೆ ಇಷ್ಟು ಸುರಿಯಬೇಕೇ ಎಂದು ಅಕ್ಕ ಫೋನಿನಲ್ಲಿ ಕೇಳಿದಳು. ನನ್ನ ಮನಸ್ಸಿನಲ್ಲೂ ಇದ್ದದ್ದು ಅದೇ ಪ್ರಶ್ನೆ.

ನಾನು ಹತ್ತನೇ ವಯಸ್ಸಿನಿಂದ ಪಿಟೀಲು ಕಲಿತವಳು. ಈಗ ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳುತ್ತೇನೆ. ತಂತಿ, ಕಮಾನು, ಕುದುರೆ ಎಲ್ಲ ಗೊತ್ತಿರುವುದೇ ಎಂಬ ಧೈರ್ಯದಲ್ಲಿ ಅವನ ವಾದ್ಯಕ್ಕೆ ಕೈ ಹಾಕಿದೆ. ಎರಡೇ ನಿಮಿಷಕ್ಕೆ ಬೆರಳು ಸೋತವು. ಪಿಟೀಲಿನ ತಂತಿಯಲ್ಲಿ ನುಡಿಯುವ ಭಾಗದ ಉದ್ದ ಸುಮಾರು 33 ಸೆಂಟಿಮೀಟರ್. ಇದರದು ಮೀಟರಿಗೂ ಹೆಚ್ಚು, ಸುಮಾರು 106. ಪಿಟೀಲಿನಲ್ಲಿ ಕೈ ಒಂದೇ ಕಡೆ ನಿಂತರೆ ನಾಲ್ಕು ಬೆರಳಿಗೆ ನಾಲ್ಕು ಸ್ವರ ಸಿಗುತ್ತವೆ. ಇಲ್ಲಿ ತೋರುಬೆರಳು ಷಡ್ಜದ ಮೇಲಿದ್ದರೆ ಕಿರುಬೆರಳು ಚಾಚಿದಷ್ಟೂ ಸಿಗುವುದು ಚತುಃಶ್ರುತಿ ರಿಷಭ, ಅಷ್ಟೇ. ತಗ್ಗಿನ ಸ್ವರಗಳಲ್ಲಿ ಉಂಗುರ ಬೆರಳಿಗೆ ಸ್ವಂತ ಕೆಲಸವಿಲ್ಲ, ಕಿರುಬೆರಳಿಗೆ ಬಲ ಕೊಡಲು ಅದರ ಜೊತೆಗೇ ಒತ್ತುತ್ತದೆ. ಪ್ರಾಗ್‌ನಲ್ಲಿ ಕಲಿತು ವಿಯೆನ್ನಾದಲ್ಲಿ ಪಾಠ ಹೇಳಿದ ಫ್ರಾಂಟ್ಸ್ ಸಿಮಾಂಡಲ್ ಹತ್ತೊಂಬತ್ತನೇ ಶತಮಾನದಲ್ಲಿ ಬರೆದ ಪಾಠಪುಸ್ತಕ ಈ ಕ್ರಮವನ್ನು ಕಲಿಸುತ್ತದೆ. ಕಲಿಯುವವರು ಇವತ್ತಿಗೂ ಅದನ್ನೇ ತೆರೆಯುತ್ತಾರೆ.

ಶ್ರುತಿ ಮಾಡುವ ಬಗೆಯೂ ಬೇರೆ. ಪಾಶ್ಚಾತ್ಯ ಪಿಟೀಲಿನಲ್ಲಿ ತಂತಿಯಿಂದ ತಂತಿಗೆ ಪಂಚಮದ ದೂರ. ಡಬಲ್ ಬೇಸಿನಲ್ಲಿ ಮಧ್ಯಮದ ದೂರ. ನಾವು ಕರ್ನಾಟಕ ಸಂಗೀತದವರು ಪಿಟೀಲನ್ನು ಸ-ಪ-ಸ-ಪ ಎಂದು ಕೂಡಿಸಿಕೊಳ್ಳುತ್ತೇವಲ್ಲ, ಅದರ ನಡುವಿನ ಎರಡು ತಂತಿಗಳ ಅಂತರ, ಮಂದ್ರ ಪಂಚಮದಿಂದ ಮಧ್ಯ ಷಡ್ಜಕ್ಕೆ ಏರುವ ಅಂತರ, ಇಲ್ಲಿ ನಾಲ್ಕೂ ತಂತಿಗಳ ನಡುವೆ ಇದೆ. ಬೆರಳಿಗೆ ಹೆಚ್ಚು ದೂರ ಎಟುಕದಿರುವುದರಿಂದ ತಂತಿಗಳೇ ಹತ್ತಿರ ಬಂದಿವೆ. ಇದರ ಮೇಲೆ ಸರಳೆ ನುಡಿಸು ನೋಡೋಣ ಎಂದು ಅವನಿಗೆ ಹೇಳಿದೆ. ಮಾಯಾಮಾಳವಗೌಳದ ಶುದ್ಧ ರಿಷಭದಿಂದ ಅಂತರ ಗಾಂಧಾರಕ್ಕೆ ಬೆರಳು ಸಾಲದು, ಇಡೀ ಕೈಯೇ ಜರುಗಬೇಕು. ಮಧ್ಯಮಕ್ಕೆ ಬಂದಾಗ ಮಾತ್ರ ಪಕ್ಕದ ಖಾಲಿ ತಂತಿ ತಾನಾಗಿ ಸಿಗುತ್ತದೆ. "ಅಬ್ಬ, ಮನೆ ಬಂತು ಚಿಕ್ಕಮ್ಮ" ಅಂದ. ನಾಲ್ಕು ದಶಕ ಸರಳೆ ಹೇಳಿಕೊಟ್ಟ ಮೇಲೆ ಆ ಮಧ್ಯಮ ಅಷ್ಟು ನೆಮ್ಮದಿಯ ಜಾಗ ಎಂದು ನನಗೆ ಅವತ್ತೇ ತಿಳಿದದ್ದು.

ಮೊದಲ ಒಂದು ತಿಂಗಳು ಅವನ ಅಭ್ಯಾಸ ಖಾಲಿ ತಂತಿಯ ಮೇಲೆ ಉದ್ದ ಕಮಾನು ಎಳೆಯುವುದು, ಅಷ್ಟೇ. ಎಡಗೈಗೆ ಕೆಲಸವಿಲ್ಲ. ಕಮಾನಿನ ಕುದುರೆಗೂದಲಿಗೆ ರಾಳ ಉಜ್ಜಿ, ತಂತಿಯ ಮೇಲೆ ತೋಳಿನ ಭಾರ ಬಿಟ್ಟು, ಈ ತುದಿಯಿಂದ ಆ ತುದಿಗೆ. ರಾಳ ಹತ್ತಿದ ಕೂದಲು ತಂತಿಯನ್ನು ಹಿಡಿದು ಎಳೆಯುತ್ತದೆ, ಬಿಗಿ ತಡೆಯದೆ ತಂತಿ ಜಾರುತ್ತದೆ, ಕೂದಲು ಮತ್ತೆ ಹಿಡಿಯುತ್ತದೆ. ಅತಿ ತಗ್ಗಿನ ತಂತಿಯಲ್ಲಿ ಈ ಹಿಡಿಯುವುದು, ಜಾರುವುದು ಸೆಕೆಂಡಿಗೆ 41 ಸಲ. ಕೈ ಸ್ವಲ್ಪ ಹಗುರಾದರೆ ತಂತಿ ಸೀಟಿ ಹಾಕುತ್ತದೆ, ಭಾರವಾದರೆ ಗೊರಗೊರ ಎನ್ನುತ್ತದೆ. ಸರಿಯಾದ ಭಾರ ಎಷ್ಟು ಎಂಬುದನ್ನು ಯಾರೂ ಬಾಯಲ್ಲಿ ಹೇಳಿಕೊಡಲಾರರು. ದಿನಾ ಎಳೆದೇ ತೋಳಿಗೆ ಅದು ಗೊತ್ತಾಗಬೇಕು.

ಈ ಹಿಡಿ-ಜಾರಿನ ಲೆಕ್ಕವನ್ನು ಆಳವಾಗಿ ಅಧ್ಯಯನ ಮಾಡಿದವರಲ್ಲಿ ಒಬ್ಬರು ಆಮೇಲೆ ನಮ್ಮೂರಿನವರೇ ಆದರು. ಸರ್ ಸಿ.ವಿ. ರಾಮನ್ ಬೆಳಕಿನ ಸಂಶೋಧನೆಗೆ ನೊಬೆಲ್ ಪಡೆಯುವ ಎಷ್ಟೋ ಮೊದಲು, ಕಲ್ಕತ್ತೆಯಲ್ಲಿದ್ದಾಗ, ಕಮಾನಿನಿಂದ ನುಡಿಯುವ ತಂತಿಗಳ ಬೆನ್ನು ಹತ್ತಿದ್ದರು. ವಾದ್ಯದ ಮರದ ಮೈ ತಾನೇ ಕಂಪಿಸುವ ಸ್ವರ ಒಂದಿರುತ್ತದೆ. ತಂತಿಯಲ್ಲಿ ಅದೇ ಸ್ವರ ನುಡಿದರೆ ಮರ, ತಂತಿ ಎರಡೂ ಜಗ್ಗಾಡಿ ದನಿ ತೊದಲುತ್ತದೆ, ಗುರುಗುಟ್ಟುತ್ತದೆ. ಪಾಶ್ಚಾತ್ಯರು ಅದಕ್ಕೆ ತೋಳದ ಸ್ವರ ಎನ್ನುತ್ತಾರೆ. ಅದು ಪಿಟೀಲಿಗಿಂತ ದೊಡ್ಡ ವಾದ್ಯಗಳಲ್ಲಿ ಹೆಚ್ಚು ಕಾಡುತ್ತದೆ. ರಾಮನ್ 1916ರಲ್ಲಿ ಅದರ ಬಗ್ಗೆ ಬರೆದರು. 1921ರಲ್ಲಿ ವೀಣೆ, ತಂಬೂರಿಗಳ ಬಗ್ಗೆ ಬರೆದು, ಅವುಗಳ ಅಗಲವಾದ ಕುದುರೆಯಿಂದಾಗಿ ಒಂದು ತಂತಿಯಲ್ಲಿ ಎಷ್ಟೊಂದು ಅನುಸ್ವರಗಳು ಹುಟ್ಟುತ್ತವೆ ಎಂದು ತೋರಿಸಿದರು. 1933ರಲ್ಲಿ ಬೆಂಗಳೂರಿಗೆ ಬಂದ ಅವರು ಮಲ್ಲೇಶ್ವರದ ಪಂಚವಟಿಯಲ್ಲಿ ಬಾಳಿದರು. ಅವರ ಪತ್ನಿ ಲೋಕಸುಂದರಿ ಅಮ್ಮಾಳ್ ವೀಣೆ ನುಡಿಸುತ್ತಿದ್ದರು. ನಮ್ಮ ಮಹಡಿಯ ವಾದ್ಯದಲ್ಲೂ ಅಂಥ ಒಂದು ಸ್ವರ ಇದೆ. ಅದು ಬಂದಾಗ ಕಿಟಕಿಯ ಗಾಜು ಝಲ್ಲೆನ್ನುತ್ತದೆ.

ನಿಜ ಹೇಳಬೇಕೆಂದರೆ ಮೊದಲ ದಿನಗಳಲ್ಲಿ ನನಗೆ ಆ ವಾದ್ಯ ಕೇಳಿಸುತ್ತಲೇ ಇರಲಿಲ್ಲ. ಸದ್ದು ಕೇಳುತ್ತಿತ್ತು, ಸ್ವರ ತಿಳಿಯುತ್ತಿರಲಿಲ್ಲ. ಶ್ರುತಿ ಸೇರಿದೆಯೋ ಇಲ್ಲವೋ ಹೇಳಲು ಆಗುತ್ತಿರಲಿಲ್ಲ. ಮಕ್ಕಳ ಪಿಟೀಲಿನಲ್ಲಿ ಒಂದು ಕೂದಲೆಳೆ ತಪ್ಪಿದರೂ ಕಿವಿ ನಿಮಿರುವ ನನಗೆ ಇದೊಂದು ದೊಡ್ಡ ಆಘಾತ. ಅವನು ನಕ್ಕು, "ಕಿವಿ ಬಿಡು ಚಿಕ್ಕಮ್ಮ, ಮೊದಲು ಕೈ ಇಟ್ಟು ನೋಡು" ಅಂದ. ವಾದ್ಯದ ಬೆನ್ನಿಗೆ ಅಂಗೈ ಇಟ್ಟೆ. ಅವನು ಕಮಾನು ಎಳೆದ. ಮರ ಉಸಿರಾಡಿದ ಹಾಗೆ ಕಂಪನ ಅಂಗೈಗೆ ಬಂತು, ಮೊಣಕೈ ದಾಟಿ ಎದೆಗೂಡಿಗೆ ಇಳಿಯಿತು. ಸ್ಟೂಲಿನ ಮೇಲಿಟ್ಟಿದ್ದ ಸ್ಟೀಲ್ ಲೋಟದ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳು ಎದ್ದವು. ಅವನು ಬೆರಳನ್ನು ಸ್ವಲ್ಪ ಜಾರಿಸಿದ. ನೀರಿನ ಬಳೆಗಳು ಬದಲಾದವು. ಅವತ್ತಿನಿಂದ ದಿನಾ ಸಂಜೆ ಪಾಠ ಮುಗಿದ ಮೇಲೆ ಹತ್ತು ನಿಮಿಷ ಮಹಡಿಯಲ್ಲಿ ಕೂರುತ್ತೇನೆ. ಸ್ವರ ಬಿಡಿಸಿ ಕೇಳಲು ನನಗೆ ಮೂರು ತಿಂಗಳು ಬೇಕಾಯಿತು.

ಆಗ ನೆನಪಾದದ್ದು ನನ್ನ ಮೇಷ್ಟ್ರು. ಬೆಳಗಿನ ಐದಕ್ಕೆ ರಾಮಾಂಜನೇಯ ಗುಡ್ಡದ ಮೆಟ್ಟಿಲಿನಲ್ಲಿ ಒಬ್ಬರೂ ಇಲ್ಲದ ಹೊತ್ತಿಗೆ ನಮ್ಮನ್ನು ಎಬ್ಬಿಸಿ, ತಂಬೂರಿ ಮೀಟುತ್ತ, ಮಂದ್ರ ಸ್ಥಾಯಿಯಲ್ಲೇ ಅರ್ಧ ಗಂಟೆ ನಿಲ್ಲಿಸುತ್ತಿದ್ದರು. ಹಾಡುವವರಿಗೂ ಅದೇ, ಪಿಟೀಲಿನವರಿಗೂ ಅದೇ. ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಗೆ ಕೂಡಿಸಿದ ಗಂಡು ತಂಬೂರಿಯ ಮಂದ್ರ ತಂತಿ ಸೆಕೆಂಡಿಗೆ ಸುಮಾರು 65 ಸಲ ಕಂಪಿಸುತ್ತದೆ. ಡಬಲ್ ಬೇಸಿನ ಕೊನೆಯ ತಂತಿ ಅದಕ್ಕೂ ಕೆಳಗೆ. ವೀಣೆಯ ನಾಲ್ಕು ತಂತಿಗಳಿಗೆ ನಮ್ಮ ಹಿರಿಯರು ಸಾರಣಿ, ಪಂಚಮ, ಮಂದ್ರ, ಅನುಮಂದ್ರ ಎಂದು ಹೆಸರಿಟ್ಟರು. ನಾಲ್ಕರಲ್ಲಿ ಎರಡಕ್ಕೆ ಮಂದ್ರದ ಹೆಸರು. ತಗ್ಗಿನ ನಾದಕ್ಕೆ ಅವರು ಕೊಟ್ಟ ಮರ್ಯಾದೆ ಅದು.

ಇವತ್ತು ನನ್ನ ಪಾಠಕ್ಕೆ ಬರುವ ಮಕ್ಕಳು ಫೋನಿನಲ್ಲಿ ತಂಬೂರಿ ಹಾಕಿಕೊಳ್ಳುತ್ತಾರೆ. ನಾನೂ ಬೇಡ ಎನ್ನಲಿಲ್ಲ. ತಪ್ಪು ನನ್ನದೂ ಹೌದು. ಅಂಗೈಯಗಲದ ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ತಗ್ಗಿನ ಕಂಪನ ಹೊರಡಿಸುವ ಶಕ್ತಿ ಇಲ್ಲ. ಮೇಲಿನ ಅನುಸ್ವರಗಳಷ್ಟೇ ಬರುತ್ತವೆ. ಅವುಗಳ ನಡುವಿನ ಅಂತರ ಹಿಡಿದು, ಇಲ್ಲದ ಮಂದ್ರವನ್ನು ನಮ್ಮ ಕಿವಿಯೇ ಊಹಿಸಿಕೊಳ್ಳುತ್ತದೆ. ಕಿವಿಯ ಈ ಜಾಣತನ ದೊಡ್ಡದೇ. ಆದರೆ ಮಂದ್ರವನ್ನು ಒಮ್ಮೆಯೂ ಮೈಯಲ್ಲಿ ಅನುಭವಿಸದ ಮಗು ಊಹಿಸಿಕೊಳ್ಳುವುದಾದರೂ ಏನನ್ನು? ಗಮನಿಸಿ ನೋಡಿದ್ದೇನೆ, ಮಕ್ಕಳ ಕಮಾನು ಮೇಲಿನ ಎರಡು ತಂತಿಗಳಲ್ಲಿ ಚೆನ್ನಾಗಿ ಓಡುತ್ತದೆ, ಕೆಳಗಿನ ತಂತಿಗೆ ಬಂದರೆ ಹೆದರುತ್ತದೆ.

ಆದರೆ ಕಿವಿಯನ್ನು ಪಳಗಿಸಬಹುದು. ಕರ್ನಾಟಕ, ಪಾಶ್ಚಾತ್ಯ ಎರಡು ಸಂಗೀತಕ್ಕೂ ಒಂದೇ ಕಿವಿ ಪಳಗಬಹುದು ಎಂಬುದಕ್ಕೆ ನಮ್ಮ ನಾಡಿನಲ್ಲೇ ದೊಡ್ಡ ಸಾಕ್ಷಿ ಇದೆ. ಮಹಾರಾಜ ಜಯಚಾಮರಾಜ ಒಡೆಯರ್ ಮೈಸೂರು ವಾಸುದೇವಾಚಾರ್ಯರ ಶಿಷ್ಯರಾಗಿ, ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸಿದವರು. ಪಿಯಾನೊ ಕಲಿತು ಅದರಲ್ಲಿ ಪಾಂಡಿತ್ಯ ಪಡೆದವರೂ ಅವರೇ. ಲಂಡನ್ನಿನ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಷ್ಯಾದ ರಚನಕಾರ ನಿಕೊಲಾಯ್ ಮೆಡ್ನರ್ ವೃದ್ಧಾಪ್ಯದಲ್ಲಿ ತಮ್ಮ ಕೃತಿಗಳನ್ನು ಧ್ವನಿಮುದ್ರಿಸಲು ಸಾಧ್ಯವಾದದ್ದು ಮೈಸೂರಿನ ಹಣದಿಂದ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರೌಸ್‌ರ ಕೊನೆಯ ನಾಲ್ಕು ಗೀತೆಗಳು ಮೊದಲ ಸಲ ಕೇಳಿಬಂದದ್ದೂ ಒಡೆಯರ ನೆರವಿನಿಂದ. ನಮ್ಮ ಹುಡುಗ ಆ ಸಂಜೆಯ ಧ್ವನಿಮುದ್ರಣ ಹಾಕಿ ನನಗೆ ಕೇಳಿಸಿದ. ಹಳೆಯ ಮುದ್ರಣ, ತಗ್ಗಿನ ವಾದ್ಯಗಳು ಮಬ್ಬು ಮಬ್ಬು. ಮೂರು ತಿಂಗಳ ಹಿಂದಾಗಿದ್ದರೆ ಗಾಯಕಿಯ ದನಿಯೊಂದೇ ನನ್ನ ಕಿವಿಗೆ ಬೀಳುತ್ತಿತ್ತು. ಈಗ ಆ ದನಿಯ ಕೆಳಗೆ ನೆಲ ಇರುವುದು ತಿಳಿಯಿತು.

ಅವನ ಕೋಣೆಯ ಗೋಡೆಯ ಮೇಲೆ ಜೋವಾನಿ ಬೊತ್ತೆಸಿನಿಯ ಚಿತ್ರ ಇದೆ. 1821ರಲ್ಲಿ ಇಟಲಿಯಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಕಲಿತದ್ದು ಪಿಟೀಲು. ಮಿಲಾನಿನ ಸಂಗೀತ ಶಾಲೆಯಲ್ಲಿ ವಿದ್ಯಾರ್ಥಿವೇತನದ ಜಾಗ ಉಳಿದಿದ್ದದ್ದು ಬಸೂನ್ ಮತ್ತು ಡಬಲ್ ಬೇಸಿಗೆ ಮಾತ್ರ. ಕೆಲವೇ ವಾರಗಳಲ್ಲಿ ಡಬಲ್ ಬೇಸ್ ಅಭ್ಯಾಸ ಮಾಡಿ ಸೇರಿಕೊಂಡ. ಮುಂದೆ ಯುರೋಪೆಲ್ಲ ಅವನನ್ನು ಆ ವಾದ್ಯದ ಮಾಂತ್ರಿಕ ಎಂದು ಕೊಂಡಾಡಿತು. 1871ರಲ್ಲಿ ಕೈರೋದಲ್ಲಿ ವೆರ್ದಿಯ 'ಆಯಿದಾ' ಸಂಗೀತನಾಟಕದ ಮೊದಲ ಪ್ರದರ್ಶನ ನಡೆಸಿಕೊಟ್ಟವನೂ ಅವನೇ. ಬಡತನದಿಂದ ಸಿಕ್ಕ ಜಾಗವನ್ನು ಪ್ರೀತಿಯಿಂದ ತನ್ನದು ಮಾಡಿಕೊಂಡ ಆ ಹುಡುಗನನ್ನು ನೆನೆದರೆ ನನಗೆ ಕಣ್ಣು ತುಂಬುತ್ತದೆ.

ಈಗ ಅಕ್ಕನ ಪ್ರಶ್ನೆಗೆ ಬರುತ್ತೇನೆ. ಯಾರ ಕಿವಿಗೂ ಬೀಳದ ವಾದ್ಯ ಎಂದಳಲ್ಲ. ಆರ್ಕೆಸ್ಟ್ರಾದಲ್ಲಿ ಡಬಲ್ ಬೇಸಿನವರು ಹಿಂದೆ ಒಂದು ಬದಿಗೆ ನಿಲ್ಲುತ್ತಾರೆ, ನಿಜ. ನಮ್ಮ ದೇವಸ್ಥಾನದ ಓಲಗದಲ್ಲಿ ಶ್ರುತಿ ಹಿಡಿಯುವವರೂ ಹಿಂದೆಯೇ ನಿಂತು, ರಥೋತ್ಸವ ಮುಗಿಯುವ ತನಕ ಒಂದೇ ಸ್ವರ ಊದುತ್ತಿದ್ದರು. ಅವರನ್ನು ನೋಡಿ ಚಪ್ಪಾಳೆ ತಟ್ಟಿದವರಿಲ್ಲ. ಆದರೆ ಮುಂದಿನ ನಾಗಸ್ವರದವರು ರಾಗ ಮುಗಿಸಿ ಮೊದಲು ತಿರುಗಿ ನೋಡುತ್ತಿದ್ದದ್ದು ಅವರ ಕಡೆಗೇ. ಅಂಥ ಜಾಗವನ್ನು ಇಪ್ಪತ್ತಾರು ವರ್ಷದ ಹುಡುಗನೊಬ್ಬ ತಾನಾಗಿ ಬಯಸಿ, ಸಂಬಳ ಕೂಡಿಟ್ಟು ಕೊಂಡುಕೊಂಡ ಎಂಬುದು ನನಗೆ ಹೆಮ್ಮೆಯ ವಿಷಯ. ಅಕ್ಕ ದೀಪಾವಳಿಗೆ ಬಂದಿದ್ದಳು. ಅವಳ ಅಂಗೈಯನ್ನೂ ಹಿಡಿದು ಆ ಮರದ ಬೆನ್ನಿಗೆ ಇಟ್ಟೆ. ಅವಳು ಏನೂ ಹೇಳಲಿಲ್ಲ, ಕೈಯನ್ನು ತೆಗೆಯಲೂ ಇಲ್ಲ.

ಈ ಸಂಕ್ರಾಂತಿಯಿಂದ ನನ್ನ ಪಾಠದಲ್ಲಿ ಫೋನಿನ ತಂಬೂರಿ ನಿಲ್ಲಿಸಿದ್ದೇನೆ. ಮೇಷ್ಟ್ರು ಬಿಟ್ಟುಹೋದ ತಂಬೂರಿಯನ್ನು ಅಟ್ಟದಿಂದ ಇಳಿಸಿ, ಬಳೇಪೇಟೆಗೆ ಹೋಗಿ ಹೊಸ ತಂತಿ ತಂದು ಕಟ್ಟಿ, ಕುದುರೆಯ ಮೇಲೆ ಜೀವದ ದಾರ ಕೂರಿಸಿದೆ. ಪಾಠಕ್ಕೆ ಮೊದಲು ಪ್ರತಿ ಮಗುವೂ ಅದರ ಬುರುಡೆಗೆ ಕೈ ಇಟ್ಟು ಐದು ನಿಮಿಷ ಕೂರಬೇಕು. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಇನ್ನೂ ಎಷ್ಟೋ ತಂಬೂರಿಗಳು ಗವಸು ಹಾಕಿಕೊಂಡು ಅಟ್ಟದಲ್ಲಿ ಮಲಗಿವೆ. ನಿಮ್ಮ ಮನೆಯಲ್ಲೂ ಇದ್ದರೆ ದಯವಿಟ್ಟು ಇಳಿಸಿ. ತಂತಿ ಕಟ್ಟಿಸಿ. ಮನೆಯ ಮಗುವಿನ ಕೈ ಹಿಡಿದು ಅದರ ಮೇಲೆ ಇಡಿ.