ಜ್ವರವಿದ್ದ ದಿನ



ಇಂದಿನ ಚಿಂತನೆ:

ಹದಿನೇಳು ವರ್ಷದಿಂದ ಮೇಷ್ಟ್ರಾಗಿದ್ದೇನೆ. ಜ್ವರವಿರಲಿ, ಕೆಮ್ಮಿರಲಿ, ಒಂದು ಮಾತ್ರೆ ನುಂಗಿ ಪ್ರಾರ್ಥನೆಯ ಬೆಲ್ಲಿಗೆ ಹಾಜರಾಗುತ್ತಿದ್ದೆ. ಅದನ್ನು ಕರ್ತವ್ಯನಿಷ್ಠೆ ಎಂದುಕೊಂಡಿದ್ದೆ. ಒಳಗಿದ್ದದ್ದು ಅಂಜಿಕೆ. ಒಂದು ದಿನ ತಪ್ಪಿದರೆ "ಕೋಟಾದಲ್ಲಿ ಬಂದವರು ಹೀಗೇ" ಎಂದು ಯಾರಾದರೂ ಅಂದುಬಿಟ್ಟರೆ? ಅಪ್ಪನೂ ಮೈ ಸುಡುತ್ತಿದ್ದಾಗಲೇ ಕೂಲಿಗೆ ಹೋಗುತ್ತಿದ್ದರು. ಅವರು ಮಲಗಿದ ದಿನ ಒಲೆಯೂ ಮಲಗುತ್ತಿತ್ತು.

ಕಳೆದ ಮಳೆಗಾಲದಲ್ಲಿ ಹಾಗೇ ಜ್ವರ ಹೊತ್ತು ಶಾಲೆಗೆ ಹೋದೆ. ಕೆಮ್ಮುತ್ತಲೇ ಮಕ್ಕಳ ಪಕ್ಕ ಕೂತು ನೋಟ್ಸ್ ತಿದ್ದಿದೆ. ಮೂರು ದಿನ ಬಿಟ್ಟು ಮುಂದಿನ ಬೆಂಚಿನ ಹುಡುಗಿ ಬರಲಿಲ್ಲ. ಸಂಜೆ ಅವರ ಮನೆಗೆ ಹೋದರೆ ಅದೇ ಜ್ವರ, ಅದೇ ಕೆಮ್ಮು. "ಎರಡು ದಿನದಿಂದ ನಾನೂ ಕೆಲಸಕ್ಕೆ ಹೋಗಿಲ್ಲ ಮೇಷ್ಟ್ರೇ, ಮಗು ಒಂದೇ ಆಗುತ್ತೆ" ಎಂದರು ಅವಳ ತಾಯಿ. ಜ್ವರ ನನ್ನಿಂದಲೇ ಬಂತೆಂದು ಖಚಿತವಾಗಿ ಹೇಳಲಾರೆ. ಆದರೆ ಲೆಕ್ಕ ಕಣ್ಣಿಗೆ ಬಿತ್ತು. ನನಗೆ ಸಂಬಳದ ರಜೆ ಇತ್ತು, ತೆಗೆದುಕೊಳ್ಳಲಿಲ್ಲ. ಅವರಿಗೆ ರಜೆಯೇ ಇರಲಿಲ್ಲ, ಕೂಲಿ ಕಳೆದುಕೊಂಡರು.

"ಬಾಬಾಸಾಹೇಬರೂ ಕಾಯಿಲೆಯಲ್ಲೇ ದುಡಿಯಲಿಲ್ಲವೇ?" ಎಂದು ಗೆಳೆಯರೊಬ್ಬರು ಕೇಳಿದರು. ನಿಜ. 1956ರಲ್ಲಿ ಸಕ್ಕರೆ ಕಾಯಿಲೆಯಿಂದ ಸೊರಗಿದ್ದರೂ ನಾಗಪುರಕ್ಕೆ ಬಂದು ನಮ್ಮವರಿಗೆ ದೀಕ್ಷೆ ಕೊಟ್ಟರು, ಧಮ್ಮಗ್ರಂಥ ಬರೆದು ಮುಗಿಸಿದರು. ಆದರೆ ಸಕ್ಕರೆ ಕಾಯಿಲೆ ಪಕ್ಕದವರಿಗೆ ಅಂಟುವುದಿಲ್ಲ. ಆ ನೋವನ್ನು ಅವರೊಬ್ಬರೇ ಉಂಡರು. ನಾನು ನನ್ನ ಹೆಸರು ಉಳಿಸಿಕೊಳ್ಳಲು ಹೋದೆ, ನೋವು ಒಂದು ಮಗುವಿನ ಪಾಲಾಯಿತು.

ವಿನಯ ಪಿಟಕದ ಮಹಾವಗ್ಗದಲ್ಲಿ ಅತಿಸಾರದಿಂದ ನರಳುತ್ತಿದ್ದ ಭಿಕ್ಕುವೊಬ್ಬನ ಪ್ರಸಂಗ ಬರುತ್ತದೆ. ತನ್ನಿಂದ ಸಂಘದವರಿಗೆ ಉಪಯೋಗವಿಲ್ಲ, ಅದಕ್ಕೇ ಯಾರೂ ನೋಡುತ್ತಿಲ್ಲ ಎಂದು ಅವನು ಹೇಳುತ್ತಾನೆ. ಭಗವಾನರು ಆನಂದನಿಂದ ನೀರು ತರಿಸಿ, ತಾವೇ ನೀರು ಸುರಿಯುತ್ತಾರೆ, ಆನಂದ ಅವನ ಮೈ ತೊಳೆಯುತ್ತಾನೆ. ಕೆಲಸಕ್ಕೆ ಬಂದರಷ್ಟೇ ಮನುಷ್ಯನಿಗೆ ಬೆಲೆ ಎಂಬ ಮಾತನ್ನು ನಮ್ಮ ಮೇಲೆ ಹೇರಿದವರು ಬೇರೆಯವರು. ಅದನ್ನು ನಾವೇ ಏಕೆ ಹೊರಬೇಕು?

ಪಂಚಶೀಲದಲ್ಲೇ ಅಳತೆಗೋಲಿದೆ. ಮೊದಲನೆಯ ಶೀಲ ಹಿಂಸೆ ಬೇಡ ಎನ್ನುತ್ತದೆ. ಜ್ವರ, ವಾಂತಿ, ಬಿಡದ ಕೆಮ್ಮು ಇದ್ದರೆ ಮಕ್ಕಳ ನಡುವೆ ಹೋಗಬಾರದು. ನಾಲ್ಕನೆಯದು ಸುಳ್ಳು ಬೇಡ ಎನ್ನುತ್ತದೆ. ನೆಂಟರ ಮದುವೆಗೆ ಹೋಗಿ ಜ್ವರವೆಂದು ಬರೆಯಬಾರದು. ದೇಹದಂಡನೆಗೂ ಮೈಗಳ್ಳತನಕ್ಕೂ ನಡುವಿನ ಮಧ್ಯಮ ಮಾರ್ಗ ಇದೇ.

ಈಗ ಮೈ ಕಾದರೆ ಹಿಂದಿನ ರಾತ್ರಿಯೇ ಹೆಡ್‌ಮಾಸ್ಟರಿಗೆ ತಿಳಿಸುತ್ತೇನೆ, ಯಾವ ಪಾಠ ನಡೆದಿದೆ ಎಂದು ಬರೆದು ಕಳಿಸುತ್ತೇನೆ. ಜ್ವರದಲ್ಲೂ ಬಂದ ಮಗುವನ್ನು "ಶಭಾಷ್" ಎಂದು ಹೊಗಳುವುದನ್ನು ಬಿಟ್ಟಿದ್ದೇನೆ.

ಇಂದು ನಮ್ಮನ್ನು ನಾವು ಕೇಳಿಕೊಳ್ಳೋಣ: ಕಾಯಿಲೆಯಲ್ಲೂ ನಾನು ಹೊರಡುತ್ತಿರುವುದು ಯಾರಿಗಾಗಿ? ಅದರ ಬೆಲೆ ತೆರುವವರು ಯಾರು?

ಭವತು ಸಬ್ಬ ಮಂಗಲಂ.
ಜೈ ಭೀಮ್.